ಶಾಲೆಯಲ್ಲಿ ಅಜ್ಜಿಯ ಫೋಟೊ ಕೇಳಿದ್ದಾರೆ, ಕೊಡಬಹುದೇ?

ಸಾಗರದ ಸೊಸೆ, ಪುಯೆರ್ತೊ ವಯಾರ್ತಾ

ಎಲ್ಲರಿಗೂ ನಮಸ್ಕಾರ. ನಾವು ಮೆಕ್ಸಿಕೊದ ಈ ಊರಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಯಜಮಾನರು ಕಡಲ ದಂಡೆಯ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿದ್ದಾರೆ. ಮಗಳಿಗೆ ಏಳು ವರ್ಷ. ನಿನ್ನೆ ಶಾಲೆಯಿಂದ ಚೀಟಿ ಬಂದಿದೆ. ನವೆಂಬರ್ ಮೊದಲಲ್ಲಿ ಬರುವ ಸತ್ತವರ ದಿನಕ್ಕೆ ತರಗತಿಯಲ್ಲಿ ಒಫ್ರೆಂದಾ, ಅಂದರೆ ಸತ್ತವರ ನೆನಪಿಗೆ ಸಿಂಗರಿಸಿದ ಮೇಜು, ಕಟ್ಟುತ್ತಾರಂತೆ. ತೀರಿಕೊಂಡ ಹಿರಿಯರೊಬ್ಬರ ಫೋಟೊ ಮತ್ತು ಅವರಿಗೆ ಇಷ್ಟವಾಗಿದ್ದ ಒಂದು ತಿಂಡಿಯನ್ನು ಗುರುವಾರದೊಳಗೆ ಕಳುಹಿಸಬೇಕು.

ನನ್ನ ಅತ್ತೆ ಫೆಬ್ರವರಿಯಲ್ಲಿ ತೀರಿಕೊಂಡರು. ಇನ್ನೂ ವರ್ಷಾಂತಿಕ ಆಗಿಲ್ಲ. ದೀಪಾವಳಿಗೆ ಮಗಳಿಗೆ ಹೊಸ ಬಟ್ಟೆಯನ್ನೂ ತರಲಿಲ್ಲ. ಮಾವನವರನ್ನು ಕೇಳಿದರೆ, ವರ್ಷದೊಳಗೆ ಯಾವ ಹಬ್ಬವೂ ಬೇಡ, ತಲೆಬುರುಡೆ ಇಟ್ಟು ಮಾಡುವ ಹಬ್ಬವಂತೂ ಬೇಡವೇ ಬೇಡ ಎಂದರು. ಇತ್ತ ಮಗಳು ಫೋಟೊವನ್ನು ಆಗಲೇ ಚೌಕಟ್ಟಿನಿಂದ ತೆಗೆದು ಪುಸ್ತಕದ ನಡುವೆ ಇಟ್ಟುಕೊಂಡಿದ್ದಾಳೆ. "ಎಲ್ಲರ ಅಜ್ಜಿಯರೂ ಆ ದಿನ ಬರುತ್ತಾರಂತೆ, ನನ್ನ ಅಜ್ಜಿ ಮಾತ್ರ ಬರಬಾರದೇ?" ಎಂದು ಕೇಳುತ್ತಾಳೆ. ನನ್ನ ಬಳಿ ಉತ್ತರವಿಲ್ಲ.

ಇನ್ನೊಂದು ಮಾತು. ಈ ಊರಿನಲ್ಲಿ ನವೆಂಬರಿನಿಂದ ಈಸ್ಟರ್‌ವರೆಗೆ ಒಂದರ ಹಿಂದೆ ಒಂದು ಹಬ್ಬ. ಊರಿಗೆ ಹಬ್ಬ ಬಂದರೆ ಪ್ರವಾಸಿಗರು ಬರುತ್ತಾರೆ, ಪ್ರವಾಸಿಗರು ಬಂದರೆ ಇವರಿಗೆ ರಜೆ ಇಲ್ಲ. ಮಗಳ ಮನಸ್ಸಿನಲ್ಲಿ ಹಬ್ಬ ಎಂದರೆ ಅಪ್ಪ ಮನೆಯಲ್ಲಿಲ್ಲದ ದಿನ ಎಂದಾಗಿಬಿಟ್ಟಿದೆ. ರೆಸಾರ್ಟ್ ಕೆಲಸದಲ್ಲಿರುವ ಬೇರೆ ಕುಟುಂಬಗಳು ಹೇಗೆ ನಿಭಾಯಿಸುತ್ತೀರಿ?

ಹಾಸನದವಳು, ಗ್ವಾದಲಹಾರಾ

ತಂಗಿ, ಧೈರ್ಯವಾಗಿ ಕೊಡಿ. ಮೂಲ ಫೋಟೊ ಬೇಡ, ಒಂದು ಪ್ರತಿ ತೆಗೆಸಿ ಕೊಡಿ. ಮಕ್ಕಳ ಕೈಯಲ್ಲಿ ಮೇಣ ಬೀಳುತ್ತದೆ, ನೀರು ಚೆಲ್ಲುತ್ತದೆ. ನನ್ನ ಮಗನ ಶಾಲೆಯಲ್ಲಿ ನಾಲ್ಕು ವರ್ಷ ನೋಡಿದ್ದೇನೆ. ಮೆಟ್ಟಿಲು ಮೆಟ್ಟಿಲಾಗಿ ಮೇಜು ಜೋಡಿಸುತ್ತಾರೆ. ಒಂದು ಲೋಟ ನೀರು, ಉಪ್ಪು, ಮೇಣದಬತ್ತಿ, ಕೊಪಾಲ್ ಧೂಪ, ಸತ್ತವರು ಇಷ್ಟಪಡುತ್ತಿದ್ದ ಊಟ, ಕತ್ತರಿಸಿದ ಬಣ್ಣದ ಕಾಗದ, ಮತ್ತು ರಾಶಿ ರಾಶಿ ಚೆಂಡುಹೂವು. ದಾರಿ ತಪ್ಪದಿರಲಿ ಎಂದು ಬಾಗಿಲಿನಿಂದ ಫೋಟೊವರೆಗೆ ಹೂವಿನ ಎಸಳು ಹರಡುತ್ತಾರೆ. ಮೊದಲ ವರ್ಷ ನೋಡಿದಾಗ ನಾನು ಅಲ್ಲೇ ಅತ್ತುಬಿಟ್ಟೆ. ನಮ್ಮ ಊರಿನಲ್ಲಿ ಮಹಾಲಯ ಅಮಾವಾಸ್ಯೆಗೆ ಅಮ್ಮ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದಕ್ಕೆ ಮಾಡಿ, ನಮ್ಮನ್ನೆಲ್ಲ ಹೊರಗೆ ಕೂರಿಸುತ್ತಿದ್ದಳು. ಅಪ್ಪನಿಗೆ ಇಷ್ಟವೆಂದು ಎಡೆಯಲ್ಲಿ ಒಂದು ಕಟ್ಟು ಬೀಡಿಯೂ ಇರುತ್ತಿತ್ತು. ಇಲ್ಲಿನವರೂ ಹಾಗೆಯೇ ಸಿಗರೇಟು ಇಡುತ್ತಾರೆ, ತಕೀಲಾ ಇಡುತ್ತಾರೆ.

ಆ ಚೆಂಡುಹೂವನ್ನು ಇಲ್ಲಿ ಸೆಂಪಾಸೂಚಿಲ್ ಎನ್ನುತ್ತಾರೆ. ಅದರ ತವರು ಮೆಕ್ಸಿಕೊ. ಆಯುಧಪೂಜೆಗೆ ನಾವು ಬಸ್ಸಿಗೆ ಕಟ್ಟುವ ಹೂವು ಇಲ್ಲಿಂದ ಬಂದದ್ದು. ಮಗಳಿಗೆ ಇದನ್ನು ಹೇಳಿ.

ಮೈಸೂರಿನವರು, ಟೊರಾಂಟೊ

ಎಲ್ಲರೂ ಫೋಟೊ ಕೊಡಬೇಕೇ ಬೇಡವೇ ಎಂದು ಮಾತನಾಡುತ್ತಿದ್ದೀರಿ. ನಿಜವಾದ ಪ್ರಶ್ನೆ ಅದಲ್ಲ. ಮಗುವಿಗೆ ಏಳು ವರ್ಷ. ನಿಮಗೆ ಇನ್ನು ಮೂರು ವರ್ಷ ಉಳಿದಿದೆ. ಹತ್ತು ತುಂಬುವ ಮೊದಲು ಊರಿಗೆ ಹೊರಡಿ. ನಾನು ಇಪ್ಪತ್ತೆರಡು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ. ಪ್ರತಿ ವರ್ಷವೂ ಮುಂದಿನ ವರ್ಷ ಹೋಗೋಣ ಎಂದುಕೊಂಡೆವು. ಮನೆ ಸಾಲ ತೀರಲಿ ಎಂದೆವು, ಬಡ್ತಿ ಬರಲಿ ಎಂದೆವು. ಮಗನಿಗೆ ಈಗ ಇಪ್ಪತ್ತನಾಲ್ಕು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಅವನು ಫೋನ್ ಹಿಡಿದು "ಅಜ್ಜಿ, ಊಟ ಆಯ್ತಾ" ಎನ್ನುವುದಕ್ಕಿಂತ ಹೆಚ್ಚು ಏನನ್ನೂ ಹೇಳಲಾಗಲಿಲ್ಲ. ಅವಳು ಅರ್ಧ ಗಂಟೆ ಏನೇನೋ ಹೇಳಿದಳು, ಅವನು ತಲೆಯಾಡಿಸುತ್ತ ನಿಂತಿದ್ದ. ಫೋನಿನಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣುತ್ತದೆ?

ಇಂದು ಫೋಟೊ, ನಾಳೆ ಬೇರೆ ಏನೋ. ಮಕ್ಕಳು ಎಲ್ಲಿ ಬೆಳೆಯುತ್ತಾರೋ ಅಲ್ಲಿಯವರಾಗುತ್ತಾರೆ. ಅದರಲ್ಲಿ ಮಕ್ಕಳ ತಪ್ಪಿಲ್ಲ.

ಧಾರವಾಡದವರು, ಹ್ಯೂಸ್ಟನ್

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದವರು. ದೊಡ್ಡವಳು ವಚನಗಳನ್ನು ಅರ್ಥ ಸಮೇತ ಹೇಳುತ್ತಾಳೆ. ನಾವು ಮನೆಯ ಹೊಸ್ತಿಲೊಳಗೆ ಇಂಗ್ಲಿಷ್ ಬಿಡಲಿಲ್ಲ, ಅಷ್ಟೇ. ತಂಗಿ, ಒಂದು ವಿಷಯ ಗಮನಿಸಿ. ನವೆಂಬರ್ 1 ಕನ್ನಡ ರಾಜ್ಯೋತ್ಸವ. 1956ರಲ್ಲಿ ಅದೇ ದಿನ ನಾಡು ಒಂದಾಯಿತು, 1973ರಲ್ಲಿ ಅದೇ ದಿನ ಕರ್ನಾಟಕ ಎಂಬ ಹೆಸರು ಬಂತು. ಮಗಳ ಕೈಗೆ ಹಳದಿ ಕೆಂಪು ಬಾವುಟ ಕೊಟ್ಟು ಶಾಲೆಗೆ ಕಳುಹಿಸಿ. ಅವರ ಹಬ್ಬವನ್ನು ನಾವು ನೋಡುವ ಹಾಗೆ ನಮ್ಮ ಹಬ್ಬವನ್ನು ಅವರೂ ನೋಡಲಿ.

ಬೆಳಗಾವಿಯವಳು, ಮೆಕ್ಸಿಕೊ ನಗರ

ವರ್ಷದೊಳಗೆ ಹಬ್ಬ ಬೇಡ ಎಂಬ ಮಾತಿನ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿಯೂ ಅದು ಕಟ್ಟುನಿಟ್ಟು. ಆದರೆ ಬಿಡುವುದು ಸಂಭ್ರಮವನ್ನು. ಸಿಹಿ ಮಾಡುವುದಿಲ್ಲ, ತೋರಣ ಕಟ್ಟುವುದಿಲ್ಲ. ಸತ್ತವರನ್ನು ನೆನೆಯುವುದನ್ನು ಯಾರೂ ಬಿಡುವುದಿಲ್ಲ, ಆ ವರ್ಷವಂತೂ ತಿಂಗಳು ತಿಂಗಳೂ ಮಾಸಿಕ ಮಾಡುತ್ತೇವೆ. ಪುಯೆಬ್ಲಾ ರಾಜ್ಯದಲ್ಲಿ ವಾಕೆಚೂಲಾ ಎಂಬ ಊರಿದೆ. ಅಲ್ಲಿ ಆ ವರ್ಷ ಸತ್ತವರಿಗೇ ಎಲ್ಲಕ್ಕಿಂತ ದೊಡ್ಡ ಒಫ್ರೆಂದಾ. ಬಿಳಿ ಸ್ಯಾಟಿನ್ ಬಟ್ಟೆಯಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟುತ್ತಾರೆ. ಗುರುತಿಲ್ಲದವರು ಬಂದರೂ ಕೂರಿಸಿ ಊಟ ಹಾಕುತ್ತಾರೆ. ನಾನು ಹೋಗಿದ್ದೆ, ಉಂಡು ಬಂದೆ. ನಿಮ್ಮ ಮಾವನವರಿಗೆ ತಲೆಬುರುಡೆ ಎಂದು ಹೇಳಿ ಹೆದರಿಸಬೇಡಿ, ಎಡೆ ಎಂದು ಹೇಳಿ.

ಬುರುಡೆಯ ವಿಷಯವೂ ಬಂತಲ್ಲ. ಟೋಪಿ ಹಾಕಿದ ಅಸ್ಥಿಪಂಜರದ ಹೆಂಗಸು, ಕತ್ರೀನಾ, ಹೊಸೆ ಗ್ವಾದಲೂಪೆ ಪೊಸಾದಾ ಎಂಬ ಚಿತ್ರಕಾರನ ಅಚ್ಚಿನ ಚಿತ್ರದಿಂದ ಬಂದವಳು. ಅವಳು ಪೂಜೆಯ ದೇವತೆಯಲ್ಲ.

ಮಂಡ್ಯದವನು, ಕಾನ್‌ಕೂನ್ (ಮೊದಲು ಆರು ವರ್ಷ ವಯಾರ್ತಾದಲ್ಲಿ)

ಅಕ್ಕ, ನಾನೂ ಅಡುಗೆಮನೆಯವನೇ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ.

ಕಾನೂನಿನ ಪ್ರಕಾರ ಸಂಬಳದೊಂದಿಗೆ ರಜೆ ಸಿಗುವ ದಿನಗಳು ಇಲ್ಲಿ ಕಡಿಮೆ. ಜನವರಿ 1, ಫೆಬ್ರವರಿಯ ಮೊದಲ ಸೋಮವಾರ, ಮಾರ್ಚಿನ ಮೂರನೆಯ ಸೋಮವಾರ, ಮೇ 1, ಸೆಪ್ಟೆಂಬರ್ 16, ನವೆಂಬರಿನ ಮೂರನೆಯ ಸೋಮವಾರ, ಡಿಸೆಂಬರ್ 25. ಇದಲ್ಲದೆ ಆರು ವರ್ಷಕ್ಕೊಮ್ಮೆ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ದಿನ. ಸತ್ತವರ ದಿನವಾದ ನವೆಂಬರ್ 2 ಈ ಪಟ್ಟಿಯಲ್ಲಿಲ್ಲ, ಗ್ವಾದಲೂಪೆ ಮಾತೆಯ (ಇಲ್ಲಿನವರು ಪೂಜಿಸುವ ಮೇರಿ ಮಾತೆ) ದಿನವಿಲ್ಲ, ಶುಭ ಶುಕ್ರವಾರವೂ ಇಲ್ಲ. ಪಟ್ಟಿಯ ದಿನ ದುಡಿಸಿದರೆ ದಿನಗೂಲಿಯ ಮೇಲೆ ಇನ್ನೆರಡು ಪಟ್ಟು ಕೊಡಬೇಕು, ಸಂಬಳದ ಚೀಟಿ ನೋಡಿಕೊಳ್ಳಿ. ವರ್ಷ ತುಂಬಿದ ಮೇಲೆ ಕನಿಷ್ಠ 12 ದಿನ ರಜೆ ಎಂದು 2023ರಿಂದ ಕಾನೂನಾಗಿದೆ. ಹದಿನಾಲ್ಕು ತಿಂಗಳು ಎಂದಿರಿ, ಹಾಗಾದರೆ ಯಜಮಾನರಿಗೆ ಅದು ಬಂದಿದೆ.

ಆ ರಜೆಯನ್ನು ಡಿಸೆಂಬರಿನಲ್ಲಿ ಕೇಳಬೇಡಿ, ಸಿಗುವುದಿಲ್ಲ. ಸೆಮಾನಾ ಸಾಂತಾದಲ್ಲಿಯೂ ಕೇಳಬೇಡಿ. ಈಸ್ಟರ್‌ನ ಹಿಂದಿನ ವಾರ, ಮುಂದಿನ ವಾರ, ಎರಡೂ ವಾರ ಶಾಲೆಗೆ ರಜೆ, ಗ್ವಾದಲಹಾರಾದ ಅರ್ಧ ಊರು ಕಡಲಿಗೆ ಇಳಿದುಬರುತ್ತದೆ. ಸೆಪ್ಟೆಂಬರಿನಲ್ಲಿ ಕೇಳಿ. ಮಳೆಗಾಲ, ಸೆಖೆ, ಕೋಣೆಗಳು ಖಾಲಿ. ಗಣೇಶ ಚತುರ್ಥಿ ಆಗಸ್ಟ್ ಕೊನೆಗೋ ಸೆಪ್ಟೆಂಬರಿನಲ್ಲೋ ಬರುತ್ತದಲ್ಲ, ನಮ್ಮ ಮನೆಯ ದೊಡ್ಡ ಹಬ್ಬ ಅದೇ ಆಯಿತು. ಕೆಲವು ವರ್ಷ ಅದೇ ವಾರದಲ್ಲಿ, ಇಲ್ಲಿನ ಸ್ವಾತಂತ್ರ್ಯ ದಿನದ ಹಿಂದಿನ 15ರ ರಾತ್ರಿ, ಚೌಕದಲ್ಲಿ "ವೀವಾ ಮೆಹಿಕೊ" ಕೂಗುವುದೂ ಸೇರುತ್ತದೆ. ಗಣೇಶನನ್ನು ಮಾತ್ರ ದಂಡೆಯಲ್ಲಿ ಬಿಡಬೇಡಿ, ಮನೆಯ ಬಕೆಟ್ಟಿನಲ್ಲಿ ಬಿಡಿ. ಆ ತಿಂಗಳುಗಳಲ್ಲಿ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆ ಇಟ್ಟಿರುತ್ತವೆ. ಸಂಜೆ ಮರಿಗಳನ್ನು ನೀರಿಗೆ ಬಿಡುವುದನ್ನು ನೋಡಲು ಮಗಳನ್ನು ಕರೆದುಕೊಂಡು ಹೋಗಿ, ಈಗಲೂ ನಡೆಯುತ್ತಿರುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ತಿಮಿಂಗಿಲಗಳು ಬಂದೇರಾಸ್ ಕೊಲ್ಲಿಗೆ ಬರುತ್ತವೆ, ದೋಣಿ ಬೇಡ, ಅದೃಷ್ಟವಿದ್ದರೆ ಮಲೆಕೋನ್ ಎಂಬ ಕಡಲಂಚಿನ ಕಾಲುದಾರಿಯ ಮೇಲೆ ನಿಂತರೂ ನೀರು ಚಿಮ್ಮುವುದು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಡಿಸೆಂಬರ್ 1ರಿಂದ 12. ಪ್ರತಿ ಸಂಜೆ ಅಂಗಡಿಯವರು, ಹೋಟೆಲಿನವರು, ಬಡಾವಣೆಯವರು ತಂಡ ತಂಡವಾಗಿ ಗ್ವಾದಲೂಪೆ ಮಾತೆಯ ಚರ್ಚಿಗೆ ಮೆರವಣಿಗೆ ಹೋಗುತ್ತಾರೆ. ಮುಂದೆ ಗರಿ ಕಟ್ಟಿಕೊಂಡ ಕುಣಿತದವರು, ಹಿಂದೆ ಸಿಂಗರಿಸಿದ ಗಾಡಿ. ನಮ್ಮ ಹೋಟೆಲಿನ ಸರದಿ ಬಂದಾಗ ನಾನೂ ಬಿಳಿ ಕೋಟಿನಲ್ಲಿಯೇ ನಡೆದೆ. ಹೆಂಡತಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದಳು. ಅವನು "ಅಪ್ಪಾ" ಎಂದು ಕೂಗಿದ್ದಕ್ಕೆ ಇಡೀ ಸಾಲು ತಿರುಗಿ ನೋಡಿತು. ನನ್ನ ಮಗನಿಗೆ ಆ ಊರಿನ ನೆನಪು ಎಂದರೆ ಇಂದಿಗೂ ಅದೊಂದೇ. ಯಜಮಾನರ ಹೋಟೆಲಿನ ಸರದಿ ಯಾವ ದಿನ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಮೈಸೂರಿನವರು, ಟೊರಾಂಟೊ

ಮೇಲಿನವರು ಬರೆದದ್ದನ್ನೇ ನೋಡಿ. ಮಗನಿಗೆ ನೆನಪಿರುವುದು ಗ್ವಾದಲೂಪೆಯ ಮೆರವಣಿಗೆ. ಚಾಮುಂಡಿ ಬೆಟ್ಟದ ತೇರು ಎಲ್ಲಿ ಹೋಯಿತು? ನಾನು ಯಾರ ದೇವರನ್ನೂ ಕೀಳೆನ್ನುತ್ತಿಲ್ಲ. ಆದರೆ ಜಂಬೂಸವಾರಿಯ ದಿನ ಅಪ್ಪನ ಹೆಗಲ ಮೇಲೆ ಕೂತು ಆನೆ ನೋಡಿದ್ದೇನೆ, ಅದನ್ನು ನನ್ನ ಮಗನಿಗೆ ಕೊಡಲಾಗಲಿಲ್ಲ. ನೀವು ಕೊಡಬಹುದು, ಸಮಯ ಇದೆ. ಹತ್ತರ ಒಳಗೆ ಹೊರಡಿ.

ಧಾರವಾಡದವರು, ಹ್ಯೂಸ್ಟನ್

ಹತ್ತು ವರ್ಷ ಎಂಬ ಗೆರೆ ಎಲ್ಲಿಂದ ಬಂತು? ನಮ್ಮ ಕೂಟದಲ್ಲಿ ಹದಿಮೂರು ವರ್ಷದ ಹುಡುಗರು ಕನ್ನಡ ಓದಲು ಕಲಿತಿದ್ದಾರೆ. ಊರಿಗೆ ಹೋದವರ ಮಕ್ಕಳೆಲ್ಲ ಕನ್ನಡ ಮಾತನಾಡುತ್ತಾರೆಯೇ? ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಕ್ಕಳು ನನ್ನ ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ.

ಉಡುಪಿಯವಳು, ದುಬೈ

ನಾವು ಎರಡು ವರ್ಷದ ಹಿಂದೆ ಊರಿಗೆ ಹೋಗಿ ಮತ್ತೆ ಇಲ್ಲಿಗೇ ಬಂದೆವು. ಮಗನಿಗೆ ಶಾಲೆ ಒಗ್ಗಲಿಲ್ಲ, ತರಗತಿಯಲ್ಲಿ ಅವನನ್ನು ದುಬೈ ಎಂದೇ ಕರೆಯುತ್ತಿದ್ದರು. ಹೋಗಿ ಎನ್ನುವುದು ಸುಲಭ.

ಮೈಸೂರಿನವರು, ಟೊರಾಂಟೊ

ಒಗ್ಗಲು ಎರಡು ವರ್ಷ ಬೇಕಾಗುತ್ತದೆ. ನೀವು ಬೇಗ ಸೋತಿರಿ. ನನ್ನ ಮಾತು ಕಹಿಯಾಗಿದ್ದರೆ ಕ್ಷಮಿಸಿ, ಆದರೆ ಹಿಂದೆ ತೆಗೆದುಕೊಳ್ಳುವುದಿಲ್ಲ.

ಉಡುಪಿಯವಳು, ದುಬೈ

ಏಳು ವರ್ಷದ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದರೆ ನೀವು ಎರಡು ವರ್ಷ ಕಾಯುತ್ತಿದ್ದಿರಾ? ನಾನು ಕಾಯಲಿಲ್ಲ. ಅದನ್ನು ಸೋಲು ಎಂದು ಒಪ್ಪುವುದಿಲ್ಲ.

ಸಾಗರದ ಸೊಸೆ, ಪುಯೆರ್ತೊ ವಯಾರ್ತಾ

ಎಲ್ಲರಿಗೂ ವಂದನೆ. ಊರಿಗೆ ಹೋಗುವ ವಿಷಯವನ್ನು ನಾನು ಇಂದು ತೀರ್ಮಾನಿಸಲಾರೆ, ಗುರುವಾರದ ವಿಷಯ ತೀರ್ಮಾನಿಸಬೇಕು.

ನಿನ್ನೆ ರಾತ್ರಿ ಮಾವನವರಿಗೆ ಮತ್ತೆ ಫೋನ್ ಮಾಡಿದೆ. ಬೆಳಗಾವಿಯವರು ಹೇಳಿದಂತೆ ಎಡೆ ಎಂದೇ ಹೇಳಿದೆ. ನೀರು ಇಡುತ್ತಾರೆ, ಧೂಪ ಹಾಕುತ್ತಾರೆ, ಚೆಂಡುಹೂವು ಇಡುತ್ತಾರೆ ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅವಳಿಗೆ ಏನು ಇಡುತ್ತೀಯ?" ಎಂದು ಕೇಳಿದರು. ನಾನು ಕೇಸರಿಬಾತ್ ಎಂದೆ. "ಅಲ್ಲ, ಅವಳಿಗೆ ಸಿಹಿ ಸೇರುತ್ತಿರಲಿಲ್ಲ, ನನಗಾಗಿ ಮಾಡುತ್ತಿದ್ದಳು. ಅವಳಿಗೆ ಬೇಕಾಗುತ್ತಿದ್ದದ್ದು ಮಜ್ಜಿಗೆ ಕೊಡುಬಳೆ" ಎಂದರು. ಒಂಬತ್ತು ವರ್ಷ ಸೊಸೆಯಾಗಿದ್ದೂ ನನಗೆ ಇದು ತಿಳಿದಿರಲಿಲ್ಲ.

ಮಂಡ್ಯದ ತಮ್ಮನಿಗೆ: ಯಜಮಾನರು ಕೇಳಿಕೊಂಡು ಬಂದರು. ಅವರ ಹೋಟೆಲಿನ ಸರದಿ ಡಿಸೆಂಬರ್ 7, ಸಂಜೆ. ಹೆಸರು ಕೊಟ್ಟಿದ್ದಾರೆ.

ಈಗ ನನ್ನ ಪ್ರಶ್ನೆ ಇಷ್ಟೇ. ಇಲ್ಲಿ ಅಕ್ಕಿ ಹಿಟ್ಟು ಎಲ್ಲಿ ಸಿಗುತ್ತದೆ? ಮನೆಯಲ್ಲಿರುವುದು ತೋರ್ತೀಯಾ ಎಂಬ ಇಲ್ಲಿನ ರೊಟ್ಟಿ ಮಾಡುವ ಮೆಕ್ಕೆಜೋಳದ ಹಿಟ್ಟು ಮಾತ್ರ.

ಹಾಸನದವಳು, ಗ್ವಾದಲಹಾರಾ

ಆ ಹಿಟ್ಟಿನಲ್ಲಿ ಮಾಡಬೇಡಿ, ಹೊಸೆಯುವಾಗಲೇ ಬಿರಿಯುತ್ತದೆ. ದೊಡ್ಡ ಅಂಗಡಿಗಳಲ್ಲಿ ಕೇಕ್ ಸಾಮಾನು ಇಡುವ ಸಾಲಿನಲ್ಲಿ ನೋಡಿ, ಅರೀನಾ ದೆ ಅರ್ರೋಸ್ ಎಂದು ಸಣ್ಣ ಪೊಟ್ಟಣ ಇರುತ್ತದೆ. ಸಿಗದಿದ್ದರೆ ಅಕ್ಕಿ ನೆನೆಸಿ, ನೆರಳಿನಲ್ಲಿ ಆರಿಸಿ, ಮಿಕ್ಸಿಗೆ ಹಾಕಿ ಜರಡಿ ಹಿಡಿಯಿರಿ. ಇಲ್ಲಿನ ಮೊಸರು ಹುಳಿ ಸಾಲದು, ಸಕ್ಕರೆ ಹಾಕದ್ದನ್ನು ತಂದು ಇವತ್ತೇ ಕಡೆದು ಹೊರಗಿಡಿ, ಆ ಸೆಖೆಗೆ ನಾಳೆಗೆ ಹುಳಿ ಬರುತ್ತದೆ. ಮಜ್ಜಿಗೆ ಕುದಿಯುವಾಗ ಉಪ್ಪು, ಜೀರಿಗೆ ಹಾಕಿ ಹಿಟ್ಟು ಸುರಿದು ಮುಚ್ಚಿಡಿ. ಬಿಸಿ ಇರುವಾಗಲೇ ನಾದಿ. ಜೀರಿಗೆ ಇಲ್ಲಿ ಕೊಮೀನೊ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸೆಯಲು ಕೊಡಿ, ಉಂಗುರ ವಕ್ರವಾದರೆ ಆಗಲಿ. ಶಾಲೆಗೆ ಐದಾರು ಸಾಕು. ಒಂದೆರಡನ್ನು ಮನೆಯಲ್ಲಿ ಫೋಟೊದ ಮುಂದೆ ಇಡಿ, ಯಜಮಾನರು ರಾತ್ರಿ ಪಾಳಿ ಮುಗಿಸಿ ಬರುವವರೆಗೆ ತೆಗೆಯಬೇಡಿ.