ಪಿಆರ್ ಕಮಾಂಡ್: ತಲೆಬರಹ ಪ್ರತಿ ಹಾಳೆಗೂ ಕೆಳಕ್ಕೆ ಜಾರುತ್ತಿದೆ

ಯಾರ್ಡ್_ಲೆಕ್ಕ, ಕೋಲಾರ

ಎಪಿಎಂಸಿ ಯಾರ್ಡಿನ ಮಂಡಿಯೊಂದರ ದಿನದ ಟೊಮ್ಯಾಟೊ ಪಟ್ಟಿ. ಲಾಟ್ ನಂಬರ್, ರೈತರ ಹೆಸರು, ಊರು, 15 ಕೆಜಿ ಬಾಕ್ಸ್ ಎಷ್ಟು, ದರ, ಮೊತ್ತ. ಬಿಲ್ಲಿಂಗ್ ಸಾಫ್ಟ್‌ವೇರ್ ಸಾದಾ ಟೆಕ್ಸ್ಟ್ ಫೈಲ್ ಕೊಡುತ್ತದೆ. ಉಬುಂಟು (ಲಿನಕ್ಸ್) ಕಂಪ್ಯೂಟರಿನಿಂದ ಎ4 ಲೇಸರ್‌ಗೆ ಹೀಗೆ ಕಳಿಸುತ್ತಿದ್ದೇನೆ (ಪಿಆರ್ ಪುಟ ಮಾಡಿ ತಲೆಬರಹ ಹಾಕುತ್ತದೆ, ಎಲ್‌ಪಿ ಅದನ್ನು ಪ್ರಿಂಟರಿಗೆ ಕಳಿಸುತ್ತದೆ):

ಪಿಆರ್ ಪಟ್ಟಿ | ಎಲ್‌ಪಿ

ಮೊದಲ ಹಾಳೆ ಸರಿ. ಎರಡನೆಯದರಲ್ಲಿ ತಲೆಬರಹ ಎರಡು ಸಾಲು ಕೆಳಗೆ, ಮೂರನೆಯದರಲ್ಲಿ ನಾಲ್ಕು ಸಾಲು, ಹೀಗೇ ಇಳಿಯುತ್ತಾ ಹೋಗುತ್ತದೆ. ಉದ್ದ ಸಾಲುಗಳಿರುವ ದಿನ ಮೊತ್ತ ಮುರಿದು ಕೆಳಗೆ ಬೀಳುತ್ತದೆ, ಆಗ ಈ ಲೆಕ್ಕವೂ ಇಲ್ಲ. ಹೆಸರು ಕನ್ನಡದಲ್ಲಿದ್ದರಂತೂ ಕಾಲಂಗಳೆಲ್ಲ ಓರೆ. ಸ್ಕ್ರಿಪ್ಟಿನಲ್ಲೇ ಮುಗಿಯಬೇಕು, ಯಾರೂ ಫೈಲ್ ತೆರೆದು ಸರಿ ಮಾಡುವ ಹಾಗಿರಬಾರದು.

ಬಯಲುಸೀಮೆ_ಟರ್ಮಿನಲ್

ಎರಡೆರಡು ಸಾಲು ಜಾರುತ್ತಿದೆ ಅಂದರೆ ಕಾರಣ ಸ್ಪಷ್ಟ. ಪಿಆರ್ ಒಂದು ಪುಟಕ್ಕೆ 66 ಸಾಲು ಎಂದುಕೊಂಡೇ ಕೆಲಸ ಮಾಡುತ್ತದೆ: 11 ಇಂಚಿನ ಕಾಗದ, ಇಂಚಿಗೆ 6 ಸಾಲು. ಅದರಲ್ಲಿ ಮೇಲೆ 5, ಕೆಳಗೆ 5 ಅದಕ್ಕೇ ಮೀಸಲು. ನಿಮ್ಮ ಪಟ್ಟಿಗೆ ಉಳಿಯುವುದು 56. ಪುಟ ಮುಗಿದಾಗ ಅದು "ಹಾಳೆ ಬದಲಿಸು" ಎನ್ನುವುದಿಲ್ಲ, ಖಾಲಿ ಸಾಲು ತುಂಬಿ 66ಕ್ಕೆ ಮುಟ್ಟಿಸುತ್ತದೆ ಅಷ್ಟೇ. ನಿಮ್ಮ ಪ್ರಿಂಟರ್ ಹಾಳೆಗೆ 64 ಸಾಲು ಮಾತ್ರ ಹಿಡಿಸುತ್ತಿದೆ. ಮಿಕ್ಕ ಎರಡು ಖಾಲಿ ಸಾಲು ಮುಂದಿನ ಹಾಳೆಯ ತಲೆ ಮೇಲೆ.

ಎ4 ಎತ್ತರ 842 ಪಾಯಿಂಟ್ (72 ಪಾಯಿಂಟಿಗೆ ಒಂದು ಇಂಚು). ಮೇಲೆ ಕೆಳಗೆ 36 ಪಾಯಿಂಟ್ ಅಂಚು ಬಿಟ್ಟರೆ 770, ಸಾಲಿಗೆ 12 ಪಾಯಿಂಟ್, ಲೆಕ್ಕ 64ಕ್ಕೇ ಬರುತ್ತದೆ. ಆದರೆ ಈ ಅಂಚು ಡ್ರೈವರಿನಿಂದ ಡ್ರೈವರಿಗೆ ಬೇರೆ, ಆದ್ದರಿಂದ ಊಹೆ ಬೇಡ, 1ರಿಂದ 100ರವರೆಗೆ ಸಾಲಿಗೊಂದು ಸಂಖ್ಯೆ ಅಚ್ಚು ಹಾಕಿ ನೋಡಿ:

ಸೀಕ್ 100 | ಎಲ್‌ಪಿ

ಮೊದಲ ಹಾಳೆಯ ಕೊನೆಯಲ್ಲಿ ಯಾವ ಸಂಖ್ಯೆ ಬಿತ್ತೋ ಅದೇ ನಿಮ್ಮ ಹಾಳೆಯ ಅಳತೆ. ಪಿಆರ್‌ನ -ಎಲ್‌ಗೆ (ಪುಟದ ಉದ್ದ) ಅದಕ್ಕಿಂತ ಎರಡು ಕಡಿಮೆ ಹಾಕಿ, -ಎಫ್ ಸೇರಿಸಿ. ಆಗ ಪಿಆರ್ ಖಾಲಿ ಸಾಲು ತುಂಬುವ ಬದಲು ಫಾರ್ಮ್ ಫೀಡ್ (ಹಾಳೆ ಬದಲಿಸುವ ಸಂಕೇತ) ಕಳಿಸುತ್ತದೆ, ಪ್ರತಿ ಪುಟವೂ ಹೊಸ ಹಾಳೆಯಿಂದಲೇ ಶುರು.

ಎಕ್ಸ್‌ಪ್ಯಾಂಡ್ ಪಟ್ಟಿ | ಫೋಲ್ಡ್ -ಎಸ್ -ಡಬ್ಲ್ಯು 84 | ಪಿಆರ್ -ಎಫ್ -ಎಲ್ 62 -ಎಚ್ "ದಿನದ ಪಟ್ಟಿ" | ಎಲ್‌ಪಿ -ಒ ಸಿಪಿಐ=12 -ಒ ಪೇಜ್-ಲೆಫ್ಟ್=54 -ಒ ಪೇಜ್-ರೈಟ್=36 -ಒ ಪೇಜ್-ಟಾಪ್=36 -ಒ ಪೇಜ್-ಬಾಟಮ್=36

(ಕಮಾಂಡುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ. ಪಿಆರ್‌ನ ಎಫ್ ಮಾತ್ರ ದೊಡ್ಡದಾದರೂ ನಡೆಯುತ್ತದೆ. ಆದರೆ ಅದೇ ಪಿಆರ್‌ನಲ್ಲಿ ಸಣ್ಣ ಡಬ್ಲ್ಯು ಬೇರೆ, ದೊಡ್ಡ ಡಬ್ಲ್ಯು ಬೇರೆ: ದೊಡ್ಡದು ಉದ್ದ ಸಾಲನ್ನು ಕೇಳದೆ ಕತ್ತರಿಸಿ ಬಿಸಾಡುತ್ತದೆ. ಮೊತ್ತದ ಕಾಲಂ ಇರುವ ಪಟ್ಟಿಗೆ ಅದನ್ನು ಹಾಕಲೇಬೇಡಿ.)

ಎಕ್ಸ್‌ಪ್ಯಾಂಡ್ ಟ್ಯಾಬನ್ನು ಖಾಲಿ ಜಾಗ ಮಾಡುತ್ತದೆ, ಫೋಲ್ಡ್ ಉದ್ದ ಸಾಲು ಮುರಿಯುತ್ತದೆ. 84 ಎಲ್ಲಿಂದ ಬಂತು: ಅಗಲ 595 ಪಾಯಿಂಟ್, ಎಡಕ್ಕೆ ಪಂಚ್ ಮಾಡಲು 54, ಬಲಕ್ಕೆ 36. ಉಳಿದ 505 ಪಾಯಿಂಟ್ ಸುಮಾರು 7 ಇಂಚು, ಇಂಚಿಗೆ 12 ಅಕ್ಷರ.

ಕ್ರಮ ಅದಲುಬದಲು ಮಾಡಬೇಡಿ. ಸಾಲು ಮುರಿಯುವ ಕೆಲಸ ಪಿಆರ್‌ಗಿಂತ ಮುಂಚೆಯೇ ಆಗಬೇಕು. ಈಗ ನಿಮ್ಮಲ್ಲಿ ಪಿಆರ್ ಪುಟ ಎಣಿಸಿ ಮುಗಿಸಿದ ಮೇಲೆ ಪ್ರಿಂಟ್ ಫಿಲ್ಟರ್ ತಾನಾಗಿ ಸಾಲು ಮಡಚುತ್ತಿದೆ. ಹತ್ತು ಸಾಲು ಮಡಚಿದರೆ ಪುಟ ಹತ್ತು ಸಾಲು ಉದ್ದ.

ಒತ್ತಕ್ಷರ, ತುಮಕೂರು

ಮೇಲಿನದು ಇಂಗ್ಲಿಷ್ ಪಟ್ಟಿಗೆ ಸರಿ. ಕನ್ನಡ ಹೆಸರಿದ್ದರೆ ಫೋಲ್ಡ್ ಕೈಕೊಡಬಹುದು. "ತುಮಕೂರು" ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿನಲ್ಲಿ 7 ಕೋಡ್ ಪಾಯಿಂಟ್ (ಒತ್ತು, ಗುಣಿತದ ಚಿಹ್ನೆಯನ್ನೂ ಬೇರೆಯಾಗಿ ಎಣಿಸಿದ ಲೆಕ್ಕ), ಫೈಲಿನಲ್ಲಿ 21 ಬೈಟ್. "ಚಿಕ್ಕಬಳ್ಳಾಪುರ" ಆರು ಅಕ್ಷರ, 13 ಕೋಡ್ ಪಾಯಿಂಟ್, 39 ಬೈಟ್. ಉಬುಂಟುವಿನ ಹಳೆಯ ಆವೃತ್ತಿಗಳಲ್ಲಿ ಫೋಲ್ಡ್ ಎಣಿಸುವುದು ಬೈಟ್. ಅಕ್ಷರದ ನಡುವೆಯೇ ಕತ್ತರಿ ಬೀಳಬಹುದು. ಕಾಲಂ ಓರೆಯಾಗುವುದಕ್ಕೂ ಇದೇ ಕಾರಣ. ಬ್ಯಾಶ್‌ನ ಪ್ರಿಂಟ್‌ಎಫ್, ಎಂಆಕ್ (ಪಠ್ಯ ಜೋಡಿಸುವ ಕಮಾಂಡುಗಳು) ಬೈಟ್ ಎಣಿಸಿ ಜಾಗ ತುಂಬುತ್ತವೆ. ಜಿಆಕ್ ಕೋಡ್ ಪಾಯಿಂಟ್ ಎಣಿಸುತ್ತದೆ. ಕಾಗದದ ಮೇಲಿನ ಅಗಲ ಯಾವುದಕ್ಕೂ ಗೊತ್ತಿಲ್ಲ.

ಇದಕ್ಕೆ ಸುಲಭದ ದಾರಿ ಒಂದೇ: ಅಂಕಿಗಳೆಲ್ಲ ಎಡಕ್ಕೆ, ಕನ್ನಡ ಹೆಸರು, ಊರು ಸಾಲಿನ ಕೊನೆಗೆ. ಹೆಸರಿನ ಬಲಕ್ಕೆ ಏನೂ ಇಲ್ಲದಿದ್ದರೆ ಓರೆಯಾಗಲು ಏನೂ ಉಳಿಯುವುದಿಲ್ಲ.

ಎನ್‌ಸ್ಕ್ರಿಪ್ಟ್, ಎ2ಪಿಎಸ್ ಕಡೆ ಹೋಗಬೇಡಿ, ಯುಟಿಎಫ್-8 (ಫೈಲಿನಲ್ಲಿ ಕನ್ನಡ ಉಳಿಸುವ ಯೂನಿಕೋಡ್ ರೂಪ) ಅವಕ್ಕೆ ಬರುವುದಿಲ್ಲ. ಪ್ಯಾಪ್ಸ್ ಹಾಕಿಕೊಳ್ಳಿ. ಅದು ಅಕ್ಷರ ಜೋಡಿಸುವ ಪ್ಯಾಂಗೊ ಬಳಸುವುದರಿಂದ ಒತ್ತು, ಗುಣಿತ ಸರಿಯಾಗಿ ಕೂರುತ್ತವೆ. ಪುಟವನ್ನೂ ತಾನೇ ಮಾಡುತ್ತದೆ, ಹಾಗಾಗಿ ಮಧ್ಯೆ ಪಿಆರ್, ಫೋಲ್ಡ್ ಎರಡೂ ಬೇಡ:

ಪ್ಯಾಪ್ಸ್ --ಪೇಪರ್=ಎ4 --ಹೆಡರ್ --ಫಾಂಟ್="ಲೋಹಿತ್ ಕನ್ನಡ 10" ಪಟ್ಟಿ | ಎಲ್‌ಪಿ

ಫಾಂಟ್ ಇಲ್ಲದಿದ್ದರೆ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್. ಲೋಹಿತ್ ಜೊತೆ ಗುಬ್ಬಿ, ನವಿಲೂ ಬರುತ್ತವೆ. ಕಾಗದ ಉಳಿಸಬೇಕಿದ್ದರೆ ಎಲ್‌ಪಿ ಬದಲು ಪಿಎಸ್2ಪಿಡಿಎಫ್‌ಗೆ ಕಳಿಸಿ ಪರದೆಯಲ್ಲೇ ನೋಡಿ.

ಕಾರ್ಬನ್_ಕಾಪಿ, ಚಿಂತಾಮಣಿ

ಮಂಡಿ ಎಂದಮೇಲೆ ಡಾಟ್ ಮ್ಯಾಟ್ರಿಕ್ಸ್ ಇದ್ದೇ ಇರುತ್ತದೆ, ಅದಕ್ಕೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಿಗುವ 10×12 ಕಂಟಿನ್ಯುಯಸ್ ಕಾಗದ 12 ಇಂಚು ಉದ್ದ, ಅಂದರೆ 72 ಸಾಲು. ಅಲ್ಲಿ 66 ಬಿಟ್ಟರೆ ತಲೆಬರಹ ಕೆಳಗಲ್ಲ, ಪುಟಕ್ಕೆ ಒಂದು ಇಂಚು ಮೇಲಕ್ಕೆ ಹತ್ತುತ್ತದೆ. ಪಿಆರ್ -ಎಲ್ 72 ಹಾಕಿ, ಎಲ್‌ಪಿ -ಒ ರಾ (ಡ್ರೈವರ್ ತಿದ್ದದೆ ಇದ್ದಹಾಗೇ) ಎಂದು ಕಳಿಸಿ. -ಎಫ್ ಬಳಸುವುದಾದರೆ ಪ್ರಿಂಟರಿನ ಒಳಗಿನ ಪುಟದ ಉದ್ದವೂ 12 ಇಂಚೇ ಇರಬೇಕು, ಇಲ್ಲವೆಂದರೆ ಫಾರ್ಮ್ ಫೀಡ್ ರಂಧ್ರದ ಗೆರೆ ತಪ್ಪಿ ನಿಲ್ಲುತ್ತದೆ. ಎಪ್ಸನ್ ಮಾದರಿಯವಕ್ಕೆ ಮೊದಲು \033, ದೊಡ್ಡ ಸಿ, \110 ಕಳಿಸಿದರೆ (ಇವು ಆಕ್ಟಲ್ ಅಂಕಿ, 110 ಅಂದರೆ 72) 72 ಸಾಲಿಗೆ ಹೊಂದಿಕೊಳ್ಳುತ್ತದೆ. \017 ಕಳಿಸಿದರೆ ಅಕ್ಷರ ಕಿರಿದಾಗಿ 80 ಕಾಲಂ ಜಾಗದಲ್ಲಿ 137 ಹಿಡಿಸುತ್ತದೆ. ಕನ್ನಡ ಮಾತ್ರ ಹೀಗೆ ನೇರವಾಗಿ ಬರುವುದಿಲ್ಲ, ಪ್ಯಾಪ್ಸ್ ಮೂಲಕ ಚಿತ್ರವಾಗಿಯೇ ಹೋಗಬೇಕು, ನಿಧಾನ.

ಯಾರ್ಡ್_ಲೆಕ್ಕ, ಕೋಲಾರ

ಸೀಕ್‌ನಲ್ಲಿ 64ಕ್ಕೇ ನಿಂತಿತು. -ಎಫ್ -ಎಲ್ 62 ಹಾಕಿದ ಮೇಲೆ ಜಾರುವುದು ನಿಂತಿದೆ. ಸಾಫ್ಟ್‌ವೇರಿನಲ್ಲಿ ಹೆಸರಿನ ಕಾಲಂ ಕೊನೆಗೆ ಹಾಕಿಸುತ್ತೇನೆ. ನಡುವಿನ ಒಂದೆರಡು ಪುಟ ಮಾತ್ರ ಮತ್ತೆ ಬೇಕಾದರೆ?

ಬಯಲುಸೀಮೆ_ಟರ್ಮಿನಲ್

ಪಿಆರ್ +3:4 ಎಂದರೆ 3, 4ನೇ ಪುಟ ಮಾತ್ರ, ಪುಟಸಂಖ್ಯೆಯೂ ಹಳೆಯದೇ ಉಳಿಯುತ್ತದೆ. ಪ್ಯಾಪ್ಸ್ ಆದರೆ ಎಲ್‌ಪಿ -ಪಿ 3-4, ದೊಡ್ಡ ಪಿ. ಎಲ್‌ಪಿಆರ್‌ನಲ್ಲಿ ಅದೇ ದೊಡ್ಡ ಪಿ ಪ್ರಿಂಟರಿನ ಹೆಸರಿಗೆ. ಅಲ್ಲಿ 3-4 ಕೊಟ್ಟರೆ ಆ ಹೆಸರಿನ ಪ್ರಿಂಟರ್ ಹುಡುಕಿ ಸಿಗಲಿಲ್ಲ ಎನ್ನುತ್ತದೆ.