ಗಣಿ ಬಾಯಿಯ ಹುಳಿ ನೀರು: ಸುಣ್ಣಕಲ್ಲು ಸುರಿದರೂ ಯಾಕೆ ಸರಿಹೋಗಲ್ಲ?

ಪ್ರಶ್ನೆ
ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲು ಹಳ್ಳಿಗಳ ಬಗ್ಗೆ ಕೇಳ್ತಿದೀನಿ. ಇಲಿಬಿಲದಂಥ ಗಣಿಗಳನ್ನು ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧಿಸಿದೆ. ಆದರೂ ಬಿಟ್ಟುಹೋದ ಬಿಲಗಳಿಂದ ಕೆಂಪು ನೀರು ಹರೀತಾನೇ ಇದೆ. ತೋಡಿಗೆ ಸುಣ್ಣಕಲ್ಲು ಸುರಿದರೆ ಮೊದಮೊದಲು ಹುಳಿ ಇಳಿಯುತ್ತೆ, ಆಮೇಲೆ ಮತ್ತೆ ಅದೇ ಕಥೆ. ಕಲ್ಲು ಸಾಲದಾಯ್ತಾ? ಈ ನೀರನ್ನ ಕುಡಿಯೋ ಹಾಗೆ ಮಾಡ್ಕೋಬಹುದಾ?

ಉತ್ತರ 1
ಕಲ್ಲು ಸಾಲದೆ ಅಲ್ಲ, ಅದಕ್ಕೆ ತೊಗಟೆ ಕಟ್ಟಿದೆ. ಒಂದನ್ನ ಎತ್ತಿ ಒಡೆದು ನೋಡಿ: ಹೊರಗೆ ಇಟ್ಟಿಗೆ ಬಣ್ಣದ ಗಟ್ಟಿ ಪದರ, ಒಳಗೆ ಸುಣ್ಣಕಲ್ಲು ಹಾಗೇ ಇರುತ್ತೆ.

ಕಲ್ಲಿದ್ದಲಿನ ಜೊತೆ ಪೈರೈಟ್ ಇರುತ್ತೆ, ಅಂದ್ರೆ ಕಬ್ಬಿಣ ಮತ್ತು ಗಂಧಕ. ಅದಕ್ಕೆ ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತೆ, ಕಬ್ಬಿಣ ನೀರಿಗಿಳಿಯುತ್ತೆ. ಅಗೆಯೋದು ನಿಂತರೂ ಬಿಲ ತೆರೆದೇ ಇರೋದ್ರಿಂದ ಈ ಕ್ರಿಯೆ ನಿಲ್ಲಲ್ಲ. ಸುಣ್ಣಕಲ್ಲು ಹುಳಿ ಇಳಿಸಿದ ತಕ್ಷಣ ಕಬ್ಬಿಣ ತುಕ್ಕಾಗಿ ಆ ಕಲ್ಲಿನ ಮೇಲೇ ಕೂರುತ್ತೆ. ತೋಡು ಕಡಿದಾಗಿದ್ದರೆ, ಐದು ಮೀಟರಿಗೆ ಒಂದು ಮೀಟರಾದರೂ ಇಳಿಜಾರಿದ್ದರೆ, ರಭಸಕ್ಕೆ ತೊಗಟೆ ಸ್ವಲ್ಪ ಕೊಚ್ಚಿಹೋಗುತ್ತೆ. ಸಮತಟ್ಟು ತೋಡಿಗೆ ಕಲ್ಲು ಸುರಿಯೋದು ದುಡ್ಡು ದಂಡ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಸಮತಟ್ಟು ಜಾಗಕ್ಕೂ ದಾರಿ ಇದೆ. ಮೊದಲು ಒಂದು ಪರೀಕ್ಷೆ ಮಾಡಿ. ಗಣಿ ಬಾಯಲ್ಲೇ ಬಾಟಲಿಗೆ ಅಂಚಿನವರೆಗೂ ನೀರು ತುಂಬಿ. ತಿಳಿಯಾಗಿದ್ದು, ಮುಚ್ಚಳ ತೆಗೆದಿಟ್ಟ ಮೇಲೆ ಕೆಂಪಾದರೆ ಕಬ್ಬಿಣಕ್ಕೆ ಇನ್ನೂ ಗಾಳಿ ತಾಗಿಲ್ಲ. ಆಗ ಸುಣ್ಣಕಲ್ಲನ್ನ ಗಾಳಿಯಾಡದ ಹಾಗೆ ಮಣ್ಣಲ್ಲಿ ಹೂತು, ಅದರೊಳಗೆ ನೀರು ಹಾಯಿಸಬಹುದು. ತುಕ್ಕು ಹೊರಗಿನ ಹೊಂಡದಲ್ಲಿ ಇಳಿಯುತ್ತೆ. ಆದ್ರೆ ಲ್ಯಾಬಲ್ಲಿ ಅಲ್ಯೂಮಿನಿಯಂ ನೋಡಿಸದೆ ಹೂಳಬೇಡಿ. ಅದಿದ್ದರೆ ಬಿಳೀ ಲೋಳೆಯಾಗಿ ಕಲ್ಲಿನ ಸಂದು ಮುಚ್ಚಿಬಿಡುತ್ತೆ.

ಬಾಯಲ್ಲೇ ಕೆಂಪಿದ್ದರೆ ಹೂಳೋದು ಬೇಡ, ಒಂದು ಹೊಂಡ ಮಾಡಿ. ಕೆಳಗೆ ತೂತಿನ ಪೈಪು, ಅದರ ಮೇಲೆ ಎರಡು ಮೂರು ಅಡಿ ಸುಣ್ಣಕಲ್ಲು, ಅದರ ಮೇಲೆ ಒಂದೆರಡು ಅಡಿ ಕಾಂಪೋಸ್ಟ್, ಎಲ್ಲದರ ಮೇಲೆ ನಿಂತ ನೀರು. ಕಾಂಪೋಸ್ಟ್ ಆಮ್ಲಜನಕ ಹೀರಿಕೊಂಡು ತೊಗಟೆ ಕಟ್ಟೋದನ್ನ ತಡೆಯುತ್ತೆ.

ಕಲ್ಲು ಎಷ್ಟು ಬೇಕು ಅಂದ್ರೆ: ಬಕೆಟ್, ಗಡಿಯಾರ ಹಿಡಿದು ಹರಿವು ಅಳೆಯಿರಿ. ಸೆಕೆಂಡಿಗೆ 1 ಲೀಟರ್ ಹರಿದು, ಲೀಟರಿಗೆ 300 ಮಿಲಿಗ್ರಾಂ ಆಮ್ಲೀಯತೆ (ಅದನ್ನ ಇಳಿಸೋಕೆ ಬೇಕಾದ ಸುಣ್ಣಕಲ್ಲಿನ ಲೆಕ್ಕದಲ್ಲಿ) ಇದ್ದರೆ ದಿನಕ್ಕೆ 26 ಕೆಜಿ, ವರ್ಷಕ್ಕೆ ಒಂಬತ್ತೂವರೆ ಟನ್ ಶುದ್ಧ ಸುಣ್ಣಕಲ್ಲು ಕರಗುತ್ತೆ. ಒಂದು ಲಾರಿ ಸುರಿದು ಕೈತೊಳ್ಕೊಳ್ಳೋ ಕೆಲಸ ಅಲ್ಲ ಇದು.

ಉತ್ತರ 3
ಕುಡಿಯೋಕೆ ದಯವಿಟ್ಟು ಬೇಡ. ಕುದಿಸಿದರೆ ನೀರು ಆವಿಯಾಗುತ್ತೆ, ಲೋಹ ಉಳಿಯುತ್ತೆ. ಪಟಿಕ ಹಾಕಿದರೆ ಹುಳಿ ಇನ್ನೂ ಹೆಚ್ಚುತ್ತೆ. ಸುಣ್ಣ ಕಲಸಿದರೆ ಕಬ್ಬಿಣ ತಳಕ್ಕಿಳಿದು ನೀರು ತಿಳಿಯಾಗಿ ಕಾಣುತ್ತೆ, ಆದ್ರೆ ಮ್ಯಾಂಗನೀಸ್ ಅಷ್ಟಕ್ಕೆ ಹೋಗಲ್ಲ. ತಿಳಿ ಕಂಡ್ರೆ ಜನ ನಂಬಿಬಿಡ್ತಾರೆ, ಅಪಾಯ ಇರೋದೇ ಅಲ್ಲಿ.

ಅಲ್ಲಿ ಮಳೆಗೆ ಬರ ಇಲ್ಲ. 20 ಚದರ ಮೀಟರ್ ತಗಡಿನ ಮಾಡಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 200 ಲೀಟರ್, ಕೈಗೆ ಸುಮಾರು 160. ಮಾಡಿನ ಮೇಲೆ ಕಲ್ಲಿದ್ದಲ ಪುಡಿ ಇರುತ್ತೆ, ಮೊದಲ 20-40 ಲೀಟರ್ ಹೊರಗೆ ಬಿಡಿ. ಚಳಿಗಾಲ ಒಣಗಾಲ, ಹಾಗಾಗಿ ಟ್ಯಾಂಕಿನ ಅಳತೆಯನ್ನ ಮಳೆ ನೋಡಿ ಅಲ್ಲ, ಮಳೆಯಿಲ್ಲದ ತಿಂಗಳು ಎಣಿಸಿ ನಿರ್ಧರಿಸಿ.