ಕಾಂಪೋಸ್ಟೆಬಲ್ ಚೀಲ ನಿಜಕ್ಕೂ ಪ್ಲಾಸ್ಟಿಕ್‌ಗಿಂತ ಮೇಲಾ?

ಕೋಥ್ರೂಡ್ ಕಿರಾಣಿ:
ಪುಣೆಯ ಅಂಗಡಿಗೆ ಕಾಂಪೋಸ್ಟೆಬಲ್ (ಕೊಳೆತು ಗೊಬ್ಬರವಾಗೋ) ಚೀಲ ತರಿಸೋಣ ಅಂತ ಯೋಚನೆ. ಗಿರಾಕಿಗಳು ಅದನ್ನ ಸೊಸೈಟಿಯ ಹಸಿ ಕಸದ ಡ್ರಮ್ಮಿಗೇ ಹಾಕಬಹುದಾ? ಅವಲಕ್ಕಿ, ಬೇಳೆ ಅದರಲ್ಲೇ ಕಟ್ಟಿಡೋಕೆ ಆಗುತ್ತಾ?

ಗೊಬ್ಬರದ ಗುಂಡಿ:
ಡ್ರಮ್ಮಿಗೆ ಬೇಡ. ಇಂಥ ಚೀಲಕ್ಕೆ ಇರೋ ಮಾನದಂಡ ಐಎಸ್/ಐಎಸ್‌ಒ 17088 ಪ್ರಕಾರ ಪರೀಕ್ಷೆ ಮಾಡೋದು ಸುಮಾರು 58 ಡಿಗ್ರಿ ಬಿಸಿಯಲ್ಲಿ. 12 ವಾರ ಕಳೆದ ಮೇಲೆ 2 ಮಿ.ಮೀ. ಜರಡಿಯ ಮೇಲೆ ಚೀಲದ ಶೇ. 10ಕ್ಕಿಂತ ಹೆಚ್ಚು ಉಳಿಯಬಾರದು. ಸಣ್ಣ ಡ್ರಮ್ಮು ಅಷ್ಟು ಬಿಸಿಯನ್ನ ವಾರಗಟ್ಟಲೆ ಹಿಡಿದಿಡಲ್ಲ. ಇಂಥ ಚೀಲದಲ್ಲಿ ಸಾಮಾನ್ಯವಾಗಿ ಇರೋ ಪಿಎಲ್‌ಎ (ಜೋಳದಂಥ ಬೆಳೆಯಿಂದ ಮಾಡೋ ಪ್ಲಾಸ್ಟಿಕ್) 55–60 ಡಿಗ್ರಿಗೆ ಬರೋ ತನಕ ಬಿಗಿಯಾಗೇ ಇರುತ್ತೆ, ನೀರು ಅದನ್ನ ಬೇಗ ಒಡೆಯಲ್ಲ. ಗೊಬ್ಬರ ಜರಡಿ ಹಿಡಿದಾಗ ಚಿಂದಿ ಚಿಂದಿಯಾಗಿ ಸಿಗುತ್ತೆ, ಆಮೇಲೆ ಆ ಗೊಬ್ಬರ ಯಾರೂ ಗಿಡಕ್ಕೆ ಹಾಕಲ್ಲ.

ದೊಡ್ಡ ರಾಶಿ ಇದ್ದರೆ ಮಾತು ಬೇರೆ. ಉದ್ದ, ಅಗಲ, ಎತ್ತರ ಒಂದೊಂದು ಮೀಟರಾದರೂ ಇರಲಿ. ಚೀಲ ಅಂಗೈಯಷ್ಟು ತುಂಡು ಮಾಡಿ ನಡುವೆ ಹೂತಿಡಿ, ಒಣ ಎಲೆ ಸೇರಿಸಿ, ವಾರಕ್ಕೊಮ್ಮೆ ಮಗುಚಿ. ಥರ್ಮಾಮೀಟರ್ ಚುಚ್ಚಿ ನೋಡದೆ ನಂಬಬೇಡಿ.

ದಾದರ್ ಪ್ಯಾಕಿಂಗ್:
ಅವಲಕ್ಕಿ, ಹಪ್ಪಳ ಕಟ್ಟಬೇಡಿ. ಈ ಹಾಳೆಗಳು ಪಾಲಿಥೀನಿಗಿಂತ ಬಹಳ ಹೆಚ್ಚು ತೇವ ಬಿಡುತ್ತವೆ, ಮಳೆಗಾಲದಲ್ಲಿ ಬೇಗ ಮೆತ್ತಗಾಗುತ್ತೆ. ಬೇಳೆಗೆ ಕಾಗದದ ಪೊಟ್ಟಣ ಸಾಕು. ಖಾಲಿ ಚೀಲಗಳನ್ನೂ ಬಿಸಿಲು, ತೇವ ತಾಗದ ಕಡೆ ಇಡಿ, ವರ್ಷದ ಸ್ಟಾಕ್ ಒಟ್ಟಿಗೆ ತರಿಸಬೇಡಿ, ಹಳೆಯದಾದರೆ ಮಡಿಕೆಯಲ್ಲೇ ಹರಿಯುತ್ತವೆ.

ಕೊಳ್ಳುವಾಗ ತಯಾರಕರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಮಾಣಪತ್ರ ಕೇಳಿ. ಬರೀ ‘ಬಯೋಡಿಗ್ರೇಡಬಲ್’ ಅಂತ ಅಚ್ಚಾಗಿದ್ದರೆ ಬಿಟ್ಟುಬಿಡಿ. ಅನುಮಾನ ಬಂದರೆ ಒಂದು ತುಂಡನ್ನ ಸೋಪು ನೀರಲ್ಲಿ ಅದ್ದಿ, ಗುಳ್ಳೆ ಒರೆಸಿ: ಸಾದಾ ಪಾಲಿಥೀನ್ ತೇಲುತ್ತೆ, ಪಿಎಲ್‌ಎ ಮುಳುಗುತ್ತೆ. ಸುಣ್ಣದ ಕಲ್ಲಿನ ಪುಡಿ ಬೆರೆಸಿದ ಪಾಲಿಥೀನೂ ಮುಳುಗಬಹುದು. ಹಾಗಾಗಿ ತೇಲಿದರೆ ಮೋಸ ಖಚಿತ, ಮುಳುಗಿದ ಮಾತ್ರಕ್ಕೆ ಅಸಲಿ ಅಲ್ಲ.

ಮಡಗಾಂವ್:
ಸಮುದ್ರಕ್ಕೆ ಬಿದ್ದರೆ ಇದೂ ಬೇಗ ಕರಗಲ್ಲ, ಅಲ್ಲಿ ಆ ಬಿಸಿಯೇ ಇಲ್ಲ. ಒಣ ಕಸದ ಪ್ಲಾಸ್ಟಿಕ್ ಜೊತೆ ಸೇರಿದರೆ ಮರುಬಳಕೆಯ ಮಾಲನ್ನೂ ಕೆಡಿಸುತ್ತೆ.

ಕೋಥ್ರೂಡ್ ಕಿರಾಣಿ:
ಹಾಗಾದರೆ ತರಿಸೋದೇ ಬೇಡವಾ?

ಗೊಬ್ಬರದ ಗುಂಡಿ:
ನಿಮ್ಮ ಏರಿಯಾದ ಹಸಿ ಕಸ ಹೋಗೋ ಘಟಕ ಈ ಚೀಲ ತಗೊಳ್ಳುತ್ತಾ ಅಂತ ಮೊದಲು ಕೇಳಿ. ಎಷ್ಟೋ ಕಡೆ ಬೇರ್ಪಡಿಸುವಾಗಲೇ ಪ್ಲಾಸ್ಟಿಕ್ ಅಂತ ತೆಗೆದು ಎಸೀತಾರೆ. ತಗೊಳ್ಳಲ್ಲ ಅಂದರೆ ತರಿಸಬೇಡಿ. ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2018ರಿಂದಲೇ ನಿಷೇಧ ಇದೆ, ಹೋಲಿಸಬೇಕಾದ್ದು ಬಟ್ಟೆ ಚೀಲದ ಜೊತೆ. ಠೇವಣಿ ಇಟ್ಟುಕೊಂಡು ಬಟ್ಟೆ ಚೀಲ ಕೊಡಿ, ವಾಪಸ್ ತಂದರೆ ಹಣ ತಿರುಗಿಸಿ.